ಸಾವಜಿ ಊಟಕ್ಕೆ ಹೋಗೋ ಮುಂಚೆ

ಹುಬ್ಬಳ್ಳಿಯವಳು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಆಫೀಸುಗಳಲ್ಲಿ ಕೇಳೋ ಪ್ರಶ್ನೆ ಎರಡೇ. ಊರಿಂದ ಬರುವಾಗ ಪೇಢಾ ತಂದ್ಯಾ? ಇಲ್ಲಿ ಸಾವಜಿ ಊಟ ಎಲ್ಲಿ ಚೆನ್ನಾಗಿರುತ್ತೆ? ಮೊದಲನೆಯದಕ್ಕೆ ಉತ್ತರ ಸುಲಭ, ಡಬ್ಬಿ ತೆಗೆದು ಮುಂದೆ ಇಟ್ಟರೆ ಮುಗೀತು. ಎರಡನೆಯದಕ್ಕೆ ನಾನೇ ತಿರುಗಿ ಕೇಳ್ತೀನಿ: ಊಟ ಮಾಡೋಕೆ ಹೋಗ್ತಿದ್ದೀರೋ, ರೀಲ್ ಮಾಡೋಕೋ?

ಯಾಕಂದ್ರೆ ಈಗ ಸಾವಜಿ ಅಂದ್ರೆ ಫೋನಿನಲ್ಲಿ ಸಿಗೋದು ಒಂದೇ ಥರದ ವಿಡಿಯೋ. ಕೆಂಪಗೆ ಎಣ್ಣೆ ತೇಲೋ ವಾಟಿ, ಅದರ ಮುಂದೆ ಒಬ್ಬ ಹುಡುಗ, ಎರಡು ತುತ್ತಿಗೆ ಕಣ್ಣಲ್ಲಿ ನೀರು, ಮೂರನೆಯದಕ್ಕೆ ಕೆಮ್ಮು, ಹಿಂದೆ ಗೆಳೆಯರ ನಗು. ಊಟದ ರುಚಿ ಹೇಗಿತ್ತು ಅಂತ ಒಬ್ಬರೂ ಹೇಳಲ್ಲ. ಎಷ್ಟು ಹೊತ್ತು ತಡ್ಕೊಂಡೆ ಅನ್ನೋದೇ ವಿಷಯ. ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ಇಂಥ ವಿಡಿಯೋ ಕಳಿಸಿ "ನಿಮ್ಮ ಊರಿನ ಊಟ ನೋಡು" ಅಂದ್ರು. ಅದಕ್ಕೇ ಈ ಸಲ ಇದರ ಬಗ್ಗೆಯೇ ಬರೆದುಬಿಡೋಣ ಅನ್ನಿಸ್ತು.

ಮೊದಲು ಹೆಸರಿನ ಸಂಗತಿ. ಸಾವಜಿ ಅನ್ನೋದು ಅಡುಗೆಯ ಹೆಸರಲ್ಲ, ಒಂದು ಸಮಾಜದ ಹೆಸರು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ, ಚಿಕ್ಕದಾಗಿ ಎಸ್‌ಎಸ್‌ಕೆ. ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆ ಇವರಿಗೆ ಪಟ್ಟೇಗಾರರು ಅಂತಲೂ ಕರೀತಾರೆ. ಪಟ್ಟೆ ಅಂದ್ರೆ ರೇಷ್ಮೆ ಬಟ್ಟೆ. ನೇಕಾರಿಕೆ ಇವರ ಮೂಲ ಕಸುಬು. ದೂರದ ನಾಗಪುರದಲ್ಲೂ ಇದೇ ಹೆಸರಿನ ಊಟ ಪ್ರಸಿದ್ಧ, ಅಲ್ಲಿ ಅದು ಹಲಬಾ ಕೋಷ್ಟಿ ಅನ್ನೋ ನೇಕಾರ ಸಮುದಾಯದ್ದು. ಎರಡೂ ಕಡೆ ಮಗ್ಗ, ಎರಡೂ ಕಡೆ ಸುಡೋ ಮಟನ್ನು. ಹಗಲೆಲ್ಲ ಮಗ್ಗದ ಮುಂದೆ ಕೂತವರು ರಾತ್ರಿ ಒಂದು ರೊಟ್ಟಿಗೆ ನಾಲ್ಕು ತುಣುಕು, ಜೊತೆಗೆ ಬೇಕಾದಷ್ಟು ಖಾರದ ರಸಾ ಹಚ್ಚಿಕೊಂಡು ಹೊಟ್ಟೆ ತುಂಬಿಸೋದು. ಮಾಂಸ ಕಡಿಮೆ, ರಸಾ ಜಾಸ್ತಿ ಇರೋ ಮನೆಯಲ್ಲಿ ಮಸಾಲೆಯೇ ದುಡಿಯಬೇಕಾಗುತ್ತೆ. ಇದು ನನ್ನ ಊಹೆ. ಆದ್ರೆ ಬಡತನ ನೋಡಿದ ಯಾವ ಊರಿನ ಅಡುಗೆ ನೋಡಿದ್ರೂ ಈ ಊಹೆ ಸುಳ್ಳು ಅನ್ನಿಸಲ್ಲ.

ಖಾನಾವಳಿ ಅಂದ್ರೆ ಹೋಟೆಲ್ ಅಲ್ಲ. ಬೆಂಗಳೂರಲ್ಲಿ ಬೆಳೆದವರಿಗೆ ಈ ವ್ಯತ್ಯಾಸ ಹೇಳೋದು ಕಷ್ಟ. ಹೋಟೆಲಿನಲ್ಲಿ ಮೆನು ಇರುತ್ತೆ, ಖಾನಾವಳಿಯಲ್ಲಿ ಮನೆ ಇರುತ್ತೆ. ಎಷ್ಟೋ ಸಾವಜಿ ಖಾನಾವಳಿಗಳು ಮನೆಯ ಮುಂದಿನ ಎರಡು ಖೋಲಿಗಳು ಅಷ್ಟೇ. ಹಿಂದೆ ಅಡುಗೆಮನೆ, ಅದರ ಹಿಂದೆ ಮನೆಯವರ ವಾಸ. ಗಲ್ಲೆ ಮೇಲೆ ಮಾಲೀಕರು, ಗೋಡೆ ಮೇಲೆ ದೇವಿ ಫೋಟೋ. ಬಡಿಸೋರು ನಿಂತು ಬಾಯಿಪಾಠ ಒಪ್ಪಿಸ್ತಾರೆ: ಮಟನ್ ಐತ್ರಿ, ಖೈಮಾ ಐತ್ರಿ, ಖೈಮಾ ಉಂಡಿ ಐತ್ರಿ, ಬೋಟಿ ಐತ್ರಿ, ತಲಿ ಮಾಂಸ ಮುಗದೈತಿ. ಯೋಚನೆ ಮಾಡೋಕೆ ನಿಮಗೆ ಸಿಗೋದು ಹತ್ತು ಸೆಕೆಂಡು. ಸುಮ್ಮನಿದ್ರೆ ಮಟನ್ ಬಂದಿರುತ್ತೆ.

ಮೊದಲ ಸಲ ಹೋಗೋರಿಗೆ ನನ್ನ ಸಲಹೆ ಖೈಮಾ ಉಂಡಿ. ಕೊಚ್ಚಿದ ಮಾಂಸದ ಉಂಡೆ, ಒಳಗಿನ ಮಸಾಲೆ ಬೇರೆ, ಹೊರಗಿನ ರಸಾ ಬೇರೆ. ಉಂಡೆಯೊಳಗೆ ಖಾರ ಹದವಾಗಿರುತ್ತೆ, ರಸಾ ಎಷ್ಟು ಬೇಕೋ ಅಷ್ಟು ನೀವೇ ಹಚ್ಚಿಕೊಳ್ಳಬಹುದು. ಮಟನ್ ಡ್ರೈ ತಗೊಂಡರೂ ರಸಾ ಬೇರೆ ವಾಟಿಯಲ್ಲೇ ಬರುತ್ತೆ. ಇದನ್ನು ಗಮನಿಸಬೇಕು. ರಸಾ ಬೇರೆಯಾಗಿ ಬರೋದಕ್ಕೆ ಕಾರಣ ಇದೆ. ಖಾರ ಎಷ್ಟು ಅನ್ನೋ ತೀರ್ಮಾನವನ್ನು ಅಡುಗೆಯವರು ತಿನ್ನೋರ ಕೈಗೆ ಬಿಟ್ಟಿದ್ದಾರೆ. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ನಿಂಬೆಹೋಳು, ಕೊನೆಗೆ ಅನ್ನ. ಇವೆಲ್ಲ ತಾಟಿನಲ್ಲಿ ಅಲಂಕಾರಕ್ಕೆ ಇರೋದಲ್ಲ. ನಿಂಬೆ ಹಿಂಡಿದ್ರೆ ಮಸಾಲೆಯ ಒಳಗಿನ ಲವಂಗ, ಕಲ್ಲುಹೂವು, ಹುರಿದ ಕೊಬ್ಬರಿ ಎಲ್ಲ ಒಂದೊಂದಾಗಿ ಗೊತ್ತಾಗುತ್ತೆ. ನಿಂಬೆ ಇಲ್ಲದೆ ತಿಂದೋರಿಗೆ ಗೊತ್ತಾಗೋದು ಉರಿ ಒಂದೇ.

ಉರಿಯ ವಿಷಯಕ್ಕೆ ಬರೋಣ. ಇದರಲ್ಲಿ ನಮ್ಮ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ: ಕೆಂಪಗಿದ್ದಷ್ಟೂ ಖಾರ ಅಂತ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೋಡಿ. ಸುಕ್ಕುಸುಕ್ಕಾದ ಮೈ, ಕಡು ಕೆಂಪು ಬಣ್ಣ, ಖಾರ ಮಾತ್ರ ಸಾಧಾರಣ. ಡಬ್ಬಿ, ಕಡ್ಡಿ ಅಂತ ಎರಡು ತಳಿ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಅದರ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ತೆಗೆದು ಆಹಾರಕ್ಕೂ, ಲಿಪ್‌ಸ್ಟಿಕ್‌ನಂಥ ವಸ್ತುಗಳಿಗೂ ಬಳಸ್ತಾರೆ. ಅಂದ್ರೆ ನೀವು ನೋಡಿ ಹೆದರೋ ಆ ಕೆಂಪು ಬಹುಪಾಲು ಬ್ಯಾಡಗಿಯ ಕೊಡುಗೆ, ನಾಲಿಗೆ ಸುಡೋದು ಬೇರೆ ಕಾಯಿ. ಖಾರ ಅಳೆಯೋ ಸ್ಕೋವಿಲ್ ಪ್ರಮಾಣದಲ್ಲಿ ಬ್ಯಾಡಗಿ ಸಾಮಾನ್ಯವಾಗಿ ಎಂಟು ಸಾವಿರದಿಂದ ಹದಿನೈದು ಸಾವಿರದ ಆಸುಪಾಸು. ಗುಂಟೂರಿನ ಸಣ್ಣಂ ಕಾಯಿ ಸುಮಾರು 35,000ದಿಂದ 40,000. ಅಡುಗೆಯವರು ಎರಡನ್ನೂ ಬೆರೆಸ್ತಾರೆ, ಒಂದು ಬಣ್ಣಕ್ಕೆ, ಒಂದು ಖಾರಕ್ಕೆ. ಆ ಪ್ರಮಾಣ ಮನೆಯಿಂದ ಮನೆಗೆ ಬೇರೆ. ಅದೇ ಅವರ ಸೋರ್ಸ್ ಕೋಡ್, ಓಪನ್ ಮಾಡಲ್ಲ.

ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಕಾಯಿ ಬರುತ್ತೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಟಿವಿಯಲ್ಲಿ ನೋಡಿರ್ತೀರಿ. ನಮ್ಮ ತಾಟಿನ ಕೆಂಪಿನ ಹಿಂದೆ ಅಷ್ಟು ಸಿಟ್ಟೂ ಇದೆ.

ಸ್ಕೋವಿಲ್ ಅಂದ್ನಲ್ಲ, ಅದರ ಕಥೆ ನನಗೆ ಇಷ್ಟ. ವಿಲ್ಬರ್ ಸ್ಕೋವಿಲ್ ಅಮೆರಿಕದ ಒಬ್ಬ ಔಷಧ ತಜ್ಞ, 1912ರಲ್ಲಿ ಈ ಅಳತೆ ಕಂಡುಹಿಡಿದ. ವಿಧಾನ ಸರಳ. ಮೆಣಸಿನಕಾಯಿಯ ಸಾರ ತೆಗೆದು ಸಕ್ಕರೆ ನೀರಿನಲ್ಲಿ ಬೆರೆಸ್ತಾ ಹೋಗೋದು, ರುಚಿ ನೋಡೋರಿಗೆ ಖಾರ ಗೊತ್ತಾಗೋದು ನಿಲ್ಲೋ ತನಕ. ಎಷ್ಟು ಪಟ್ಟು ನೀರು ಬೇಕಾಯ್ತೋ ಅದೇ ಅಂಕಿ. ಈಗ ಈ ಕೆಲಸವನ್ನು ಯಂತ್ರಗಳು ಮಾಡ್ತವೆ, ಆದ್ರೆ ಶುರುವಾಗಿದ್ದು ನಾಲ್ಕೈದು ಜನರ ನಾಲಿಗೆಯಿಂದ. ಶುದ್ಧ ಕ್ಯಾಪ್ಸೈಸಿನ್, ಅಂದ್ರೆ ಖಾರದ ಮೂಲವಸ್ತು, ಇದೇ ಅಳತೆಯಲ್ಲಿ ಸುಮಾರು ಒಂದು ಕೋಟಿ ಅರವತ್ತು ಲಕ್ಷ. ಅದು ಕಾಯಿಯಲ್ಲಿ ಹುಟ್ಟೋದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರೋ ಒಳಗಿನ ಬಿಳಿ ತಿರುಳಿನಲ್ಲಿ. ಬೀಜ ಉದುರಿಸಿದ್ರೆ ಖಾರ ಹೋಯ್ತು ಅಂತ ಅಂದ್ಕೊಳ್ಳೋರು ಆ ತಿರುಳನ್ನೂ ಕೆರೆದು ತೆಗೀಬೇಕು.

ಇನ್ನೊಂದು ಸಂಗತಿ. ಖಾರ ಒಂದು ರುಚಿಯೇ ಅಲ್ಲ. ಉಪ್ಪು, ಹುಳಿ, ಸಿಹಿ ಇವನ್ನೆಲ್ಲ ನಾಲಿಗೆಯ ರುಚಿಮೊಗ್ಗುಗಳು ಹಿಡೀತವೆ. ಖಾರವನ್ನು ಹಿಡಿಯೋದು ಬಿಸಿ ಮತ್ತು ನೋವನ್ನು ತಿಳಿಸೋ ನರಗಳು. ಡೇವಿಡ್ ಜೂಲಿಯಸ್ ಅನ್ನೋ ವಿಜ್ಞಾನಿಯ ತಂಡ 1997ರಲ್ಲಿ ಆ ನರಗಳ ಮೇಲಿರೋ ಬಾಗಿಲನ್ನು ಪತ್ತೆ ಮಾಡಿತು, ಅದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳೋ ಬಾಗಿಲು ಅದು. ಕ್ಯಾಪ್ಸೈಸಿನ್ ಬಂದು ಅದೇ ಬಾಗಿಲನ್ನು ತೆರೆಯುತ್ತೆ, ಮೆದುಳು ಬಾಯಿ ಸುಡ್ತಿದೆ ಅಂತ ನಂಬುತ್ತೆ, ಬೆವರು ಸುರಿಸೋಕೆ ಶುರು ಮಾಡುತ್ತೆ. ನಿಜವಾಗಿ ಏನೂ ಸುಟ್ಟಿರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಾಲ್ಸ್ ಅಲಾರಂ. ಜೂಲಿಯಸ್‌ಗೆ ಈ ಕೆಲಸಕ್ಕೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳಲ್ಲಿ ಈ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯಲ್ಲ, ಅದಕ್ಕೇ ಗಿಳಿ ಹಣ್ಣು ಮೆಣಸಿನಕಾಯಿಯನ್ನು ಪೇರಲದ ಹಾಗೆ ಮೆಲ್ಲುತ್ತೆ.

ಇದರಿಂದ ಖಾನಾವಳಿಯಲ್ಲಿ ಏನು ಉಪಯೋಗ ಅಂದ್ರೆ, ನೀರಿನ ಹಿಂದೆ ಬೀಳಬೇಡಿ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ತಂಬಿಗೆ ನೀರು ಕುಡಿದ್ರೆ ಆ ಕ್ಷಣಕ್ಕೆ ತಂಪು, ಮರುಕ್ಷಣ ಉರಿ ಬಾಯಿ ತುಂಬ ಹರಡಿರುತ್ತೆ. ಬಿಯರ್ ಕೂಡ ಬಹುಪಾಲು ನೀರೇ, ಅದೂ ಸಹಾಯಕ್ಕೆ ಬರಲ್ಲ, ಪಕ್ಕದ ಮೇಜಿನವರು ಎಷ್ಟೇ ವಾದ ಮಾಡಲಿ. ಹಾಲು, ಮೊಸರು ಆಗುತ್ತೆ. ಒಂದು ಚಮಚ ಸಕ್ಕರೆಯೂ ಆಗುತ್ತೆ. ಒಣ ರೊಟ್ಟಿ ಅಥವಾ ಬಿಳಿ ಅನ್ನ ಅಗಿದ್ರೂ ಸ್ವಲ್ಪ ಒರೆಸಿಕೊಂಡು ಹೋಗುತ್ತೆ. ಏನೂ ಮಾಡದೆ ಹತ್ತು ಹದಿನೈದು ನಿಮಿಷ ಕೂತ್ರೂ ಕಡಿಮೆಯಾಗುತ್ತೆ, ಆದ್ರೆ ಅಷ್ಟು ತಾಳ್ಮೆ ಇರೋರನ್ನು ನಾನಿನ್ನೂ ನೋಡಿಲ್ಲ.

ಈಗ ಆ ಬಾಜಿ ಕಟ್ಟೋರ ವಿಷಯ. ಎರಡು ವರ್ಷದ ಹಿಂದೆ ನಮ್ಮ ಟೀಮ್ ಬೆಂಗಳೂರಿನ ಒಂದು ಸಾವಜಿ ಖಾನಾವಳಿಗೆ ಹೋಗಿತ್ತು. ಎಂಟು ಜನ. ಅದರಲ್ಲಿ ಕೋಲ್ಕತ್ತಾದಿಂದ ಬಂದಿದ್ದ ಹುಡುಗನೊಬ್ಬ, ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು ಅಷ್ಟೇ. ನಮ್ಮ ಸೀನಿಯರ್ ಒಬ್ಬರು ಅವನ ಮುಂದೆ ರಸಾದ ವಾಟಿ ತಳ್ಳಿ, ನೀರು ಮುಟ್ಟದೆ ಪೂರ್ತಿ ಕುಡಿದ್ರೆ ಎರಡು ಸಾವಿರ ಅಂದ್ರು. ಮೂರು ಫೋನ್ ಮೇಲೆದ್ದವು. ಹುಡುಗ ನಕ್ಕ. ಅದು ಯಾವ ಥರದ ನಗು ಅಂತ ಆಫೀಸಿನಲ್ಲಿ ಹೊಸಬರಾಗಿದ್ದ ಎಲ್ಲರಿಗೂ ಗೊತ್ತಿರುತ್ತೆ. ಬೇಡ ಅನ್ನೋಕೆ ಆಗದಾಗ ಬರೋ ನಗು. ನಾನು "ಬಿಡ್ರೀ, ಅವನಿಗೆ ಅಭ್ಯಾಸ ಇಲ್ಲ" ಅಂದೆ. "ಏ ಗಂಡು ಹುಡುಗ ಅವ್ನು, ಕುಡೀತಾನೆ" ಅಂತ ಉತ್ತರ ಬಂತು. ಅವನು ವಾಟಿ ಎತ್ತಿದ್ದ.

ಅಷ್ಟರಲ್ಲಿ ಬಡಿಸ್ತಿದ್ದ ಕಾಕಾ ಬಂದ್ರು. ಅರವತ್ತರ ಹತ್ತಿರದ ವಯಸ್ಸು, ಗದಗ ಕಡೆ ಮಾತು. ಅವನ ಕೈಯಿಂದ ವಾಟಿ ಇಸ್ಕೊಂಡು ತಾಟಿನ ಪಕ್ಕಕ್ಕಿಟ್ಟು, "ತಮ್ಮಾ, ಅದನ್ನ ಕುಡ್ಯಾಕ ಕೊಟ್ಟಿಲ್ಲ. ರೊಟ್ಟಿಗೆ ಹಚ್ಕೊಳ್ಳಾಕ ಕೊಟ್ಟೇನಿ" ಅಂದ್ರು. ಆಮೇಲೆ ಸೀನಿಯರ್ ಕಡೆ ತಿರುಗಿ ದನಿ ಏರಿಸದೆ, "ಸರ್, ಇದು ಊಟರೀ. ಸರ್ಕಸ್ ಅಲ್ಲ" ಅಂತ ಹೇಳಿ ಮುಂದಿನ ಮೇಜಿಗೆ ಹೋದ್ರು. ಫೋನ್‌ಗಳು ಕೆಳಗಿಳಿದವು. ಹುಡುಗನಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ನನ್ನ ಕಡೆ ಬಗ್ಗಿ ಏನಂದ್ರು ಅಂತ ಕೇಳಿದ, ಹೇಳಿದೆ. ಆಮೇಲೆ ಅವನು ಎರಡು ರೊಟ್ಟಿ ಖೈಮಾ ಉಂಡಿ ತಿಂದ. ಈಗಲೂ ತಿಂಗಳಿಗೊಮ್ಮೆ ಅಲ್ಲಿಗೆ ಹೋಗ್ತಾನೆ, ಒಬ್ಬನೇ.

ಇದೆಲ್ಲ ತಮಾಷೆ, ಸುಮ್ಮನೆ ದೊಡ್ಡದು ಮಾಡ್ತೀಯ ಅನ್ನೋರಿಗೆ ಒಂದು ಮಾತು. ಅಮೆರಿಕದಲ್ಲಿ ಒಂದೇ ಒಂದು ವಿಪರೀತ ಖಾರದ ಚಿಪ್ಸ್ ತಿಂದು ನೀರು ಕುಡಿಯದೆ ತಡ್ಕೊಳ್ಳೋ ಸವಾಲು ಫೋನಿನಿಂದ ಫೋನಿಗೆ ಹರಡಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ತಿಂದ ಹದಿಹರೆಯದ ಹುಡುಗನೊಬ್ಬ ತೀರಿಕೊಂಡ. ಕಂಪನಿ ಆ ಚಿಪ್ಸನ್ನು ಅಂಗಡಿಗಳಿಂದ ವಾಪಸ್ ತಗೊಂಡಿತು. ಸಾವಜಿ ರಸಾ ಆ ಮಟ್ಟದ ಖಾರ ಅಲ್ಲ, ಹತ್ತಿರಕ್ಕೂ ಬರಲ್ಲ. ಆದ್ರೆ ಎದುರಿಗಿರೋನ ಹೃದಯ ಹೇಗಿದೆ, ಅಸ್ತಮಾ ಇದೆಯಾ, ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದಾನಾ ಅನ್ನೋದು ಬಾಜಿ ಕಟ್ಟೋರಿಗೆ ಗೊತ್ತಿರಲ್ಲ.

ಅದೇ ಹೊತ್ತಿಗೆ ಖಾರಕ್ಕೆ ಇಲ್ಲದ ಅಪವಾದ ಹೊರಿಸೋದೂ ಬೇಡ. "ಖಾರ ತಿಂದು ತಿಂದು ಅಲ್ಸರ್ ಆಯ್ತು" ಅನ್ನೋದು ನಮ್ಮಲ್ಲಿ ಪ್ರತಿ ಮನೆಯ ಮಾತು. ಹೊಟ್ಟೆಯ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಇನ್ನೊಂದು ಕಾರಣ ನಾವು ಮಿಠಾಯಿ ಥರ ನುಂಗೋ ನೋವಿನ ಮಾತ್ರೆಗಳು. ಬ್ಯಾಕ್ಟೀರಿಯಾ ಅಂತ ಹೇಳಿದಾಗ ಯಾರೂ ನಂಬದ ಕಾರಣ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡ್ರು. ಅವರಿಗೂ ಅವರ ಜೊತೆಗಾರ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ಹುಣ್ಣು, ಆಸಿಡಿಟಿ ಈಗಾಗಲೇ ಇರೋರಿಗೆ ಖಾರದಿಂದ ಉರಿ ಹೆಚ್ಚಾಗುತ್ತೆ, ಅದು ಬೇರೆ. ಪದೇ ಪದೇ ಹೊಟ್ಟೆ ಉರಿದ್ರೆ ಸಾವಜಿ ಬಿಟ್ಟೆ ಅಂತ ಸಮಾಧಾನ ಮಾಡ್ಕೊಂಡು ಕೂರೋ ಬದಲು ಡಾಕ್ಟರ್ ಹತ್ತಿರ ಹೋಗಿ. ಬ್ಯಾಕ್ಟೀರಿಯಾ ಇದ್ರೆ ಅದಕ್ಕೆ ಮಾತ್ರೆ ಇದೆ. ನಮ್ಮಪ್ಪ ಆರು ವರ್ಷ ಖಾರ ಬಿಟ್ಟು ಸಪ್ಪಗೆ ಉಂಡ್ರು, ಉರಿ ಹೋಗಲಿಲ್ಲ. ಪರೀಕ್ಷೆ ಮಾಡಿಸಿ ಎರಡು ವಾರ ಮಾತ್ರೆ ತಗೊಂಡ ಮೇಲೆ ಹೋಯ್ತು. ಆ ಆರು ವರ್ಷದ ಲೆಕ್ಕ ಯಾರನ್ನು ಕೇಳೋದು ಅಂತ ಈಗಲೂ ಬೇಜಾರು ಮಾಡ್ಕೋತಾರೆ.

ಗಂಡು ಹುಡುಗ, ಕುಡೀತಾನೆ. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ, ಯಾಕಂದ್ರೆ ಈ ಊಟದ ಸುತ್ತ ಗಂಡಸರದ್ದು ಅನ್ನೋ ಬೇಲಿ ನಾನು ಹುಟ್ಟೋಕೆ ಮುಂಚಿನಿಂದ ಇದೆ. ಹುಬ್ಬಳ್ಳಿಯಲ್ಲಿ ನಮ್ಮ ಮನೆಯಿಂದ ಸಾವಜಿ ಖಾನಾವಳಿಗೆ ಹತ್ತು ನಿಮಿಷ ನಡಿಗೆ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಪಗಾರದ ದಿನ ಗೆಳೆಯರ ಜೊತೆ ಅಲ್ಲೇ ಊಟ. ಬರುವಾಗ ಸ್ಟೀಲ್ ಡಬ್ಬಿಯಲ್ಲಿ ನಮಗೆ ಪಾರ್ಸಲ್. ಮಾಂಸ ಇರ್ತಿರಲಿಲ್ಲ, ಬರೀ ರಸಾ. ಅಣ್ಣ ಎಸ್‌ಎಸ್‌ಎಲ್‌ಸಿ ಪಾಸಾದಾಗ ಅಪ್ಪ ಅವನನ್ನು ಕರ್ಕೊಂಡು ಹೋದ್ರು. ಮೂರು ವರ್ಷ ಬಿಟ್ಟು ನಾನು ಅವನಿಗಿಂತ ಹನ್ನೊಂದು ಪರ್ಸೆಂಟ್ ಜಾಸ್ತಿ ತಗೊಂಡು ಪಾಸಾದೆ. ನನಗೆ ಸಿಕ್ಕಿದ್ದು ಐಸ್‌ಕ್ರೀಮು. ಖಾನಾವಳಿ ಪಕ್ಕದಲ್ಲೇ ಬಾರ್ ಇತ್ತು, ಕುಡಿದೋರು ಇರ್ತಾರೆ, ಹೆಣ್ಣುಮಕ್ಕಳು ಹೋಗೋ ಜಾಗ ಅಲ್ಲ. ಕಾರಣ ಸುಳ್ಳೇನಲ್ಲ. ಆದ್ರೆ ಆ ಕಾರಣದಿಂದ ಊಟ ತಪ್ಪಿದ್ದು ಕುಡಿದೋರಿಗಲ್ಲ, ನಮಗೆ. ಹುಬ್ಬಳ್ಳಿಯಲ್ಲೇ ಬೆಳೆದ ನಾನು ಸಾವಜಿ ಖಾನಾವಳಿಯ ಬೆಂಚಿನ ಮೇಲೆ ಕೂತು ಮೊದಲ ಸಲ ಉಂಡಿದ್ದು ಇಪ್ಪತ್ನಾಲ್ಕನೇ ವಯಸ್ಸಲ್ಲಿ, ಬೆಂಗಳೂರಲ್ಲಿ.

ಅವ್ವ ಆ ಪಾರ್ಸಲ್ ರಸಾವನ್ನು ನಾಲಿಗೆಯ ಮೇಲಿಟ್ಟು, ಮೂಸಿ ನೋಡಿ, ಅದರಲ್ಲಿ ಏನೇನಿದೆ ಅಂತ ಕಂಡುಹಿಡೀತಿದ್ದಳು. ಧನಿಯಾ, ಖಸಖಸಿ, ಒಣಕೊಬ್ಬರಿ, ಕರಿಮೆಣಸು. ಕಲ್ಲುಹೂವು ಗೊತ್ತಾಗೋಕೆ ಒಂದು ವರ್ಷ ಹಿಡೀತಂತೆ. ಹಾಗೆ ಮಾಡ್ತಾ ಮಾಡ್ತಾ ಮನೆಯಲ್ಲೇ ಅದೇ ರಸಾ ಮಾಡೋಕೆ ಶುರು ಮಾಡಿದಳು. ತೊಂಬತ್ತು ಭಾಗ ಅದೇ. ಉಳಿದ ಹತ್ತು ಭಾಗ ಏನು ಅನ್ನೋದು ಮೂವತ್ತು ವರ್ಷದ ಪ್ರಶ್ನೆ.

ಈಗ ಅದೇ ಖಾನಾವಳಿಯಲ್ಲಿ ಒಂದು ಫ್ಯಾಮಿಲಿ ರೂಮ್ ಆಗಿದೆ. ಹೋದ ಜನವರಿಯಲ್ಲಿ ಊರಿಗೆ ಹೋದಾಗ ಅವ್ವನಿಗೆ ನಡಿ ಹೋಗೋಣ ಅಂದೆ. "ಮನ್ಯಾಗ ಮಾಡ್ತೀನಲ, ಅಲ್ಲಿಗ್ಯಾಕ?" ಅಂದಳು. "ನೀ ಮಾಡೂದು ಬ್ಯಾಡ, ಕುಂತು ಉಣ್ಣಾಕ" ಅಂದೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಒಳ್ಳೆ ಸೀರೆ ಉಟ್ಟುಕೊಂಡು ಬಂದು ನಿಂತಳು. ಅಪ್ಪ ಮೊಣಕಾಲು ನೋವು ಅಂತ ಮನೆಯಲ್ಲೇ ಉಳಿದರು.

ಫ್ಯಾಮಿಲಿ ರೂಮ್ ಅಂದ್ರೆ ದೊಡ್ಡ ನಿರೀಕ್ಷೆ ಬೇಡ. ಪ್ಲೈವುಡ್ ಗೋಡೆ, ನಾಲ್ಕು ಮೇಜು, ಒಂದು ಫ್ಯಾನು, ಪರದೆ. ಆಚೆ ಹಾಲ್‌ಗಿಂತ ಇಲ್ಲಿ ಸೆಕೆ ಜಾಸ್ತಿ, ಬಡಿಸೋರು ಬರೋದು ತಡ. ಹೆಣ್ಣುಮಕ್ಕಳಿಗೆ ಅಂತ ಮಾಡಿದ ಜಾಗ ಯಾವಾಗಲೂ ಹೀಗೇ ಯಾಕೆ, ಕೊನೆಗೆ ನೆನಪಾಗಿ ಸೇರಿಸಿದ ಹಾಗೆ? ಆದ್ರೂ ಆ ಮಧ್ಯಾಹ್ನ ನಾಲ್ಕೂ ಮೇಜು ತುಂಬಿತ್ತು. ಒಂದರಲ್ಲಿ ಕಾಲೇಜ್ ಹುಡುಗಿಯರು ಐದು ಜನ, ಬೋಟಿಗೆ ಜಗಳ ಆಡ್ತಿದ್ದರು.

ಅವ್ವ ಮಟನ್ ಹೇಳಿದಳು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಖಾರಕ್ಕೆ ಅಲ್ಲ, ಲೆಕ್ಕ ಹಾಕ್ತಿದ್ದಳು. ಎರಡನೇ ರೊಟ್ಟಿ ಹೊತ್ತಿಗೆ ಬಡಿಸೋ ಹುಡುಗನಿಗೆ, "ಒಳಗ ಅಡಗಿ ಯಾರು ಮಾಡ್ತಾರಪಾ?" ಅಂತ ಕೇಳಿದಳು. "ನಮ್ಮ ಅತ್ತಿರೀ" ಅಂದ. ಐದು ನಿಮಿಷಕ್ಕೆ ಆ ಅತ್ತೆಯೇ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದ್ರು. ಏನೋ ದೂರು ಇದೆ ಅಂದ್ಕೊಂಡಿದ್ದರೇನೋ, ಮುಖ ಗಂಭೀರವಾಗಿತ್ತು.

ಅವ್ವ ನೇರ ವಿಷಯಕ್ಕೆ ಬಂದಳು. "ಕೊಬ್ಬರಿ ಹುರದು ಹಾಕ್ತೀರೋ, ಸುಟ್ಟು ಹಾಕ್ತೀರೋ?"

ಆ ಹೆಂಗಸು ಅವ್ವನ ಮುಖ ನೋಡಿದ್ರು, ತಾಟು ನೋಡಿದ್ರು, ನಕ್ಕುಬಿಟ್ಟರು. "ಕುಂಡ್ರಲೇನ್ರಿ?" ಅಂತ ಕೇಳಿ ನನ್ನ ಪಕ್ಕದ ಕುರ್ಚಿ ಎಳ್ಕೊಂಡು ಕೂತ್ರು. ಆಮೇಲೆ ಅರ್ಧ ಗಂಟೆ ಇಬ್ಬರ ನಡುವೆ ನಾನು ಇರಲೇ ಇಲ್ಲ. ಕೊಬ್ಬರಿಯನ್ನು ಇಡಿಯಾಗಿ ಕೆಂಡದ ಮೇಲೆ ಸುಡೋದಂತೆ, ಹೊರಗೆ ಕಪ್ಪಾಗೋ ತನಕ. ಈಗ ಕೆಂಡ ಇಲ್ಲ, ಗ್ಯಾಸ್ ಉರಿಯಲ್ಲೇ. ಅತ್ತೆಯಿಂದ ಕಲಿತಿದ್ದಂತೆ, ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷ, ದಿನಾ ಮಸಾಲೆ. ಮಿಕ್ಸರ್ ಬಂದ ಮೇಲೆ ಕೈ ನೋವು ಕಡಿಮೆ, ಹುರಿಯೋ ಘಾಟಿಗೆ ಕೆಮ್ಮು ಮಾತ್ರ ಹಾಗೇ ಇದೆ. ಮಗಳು ಪುಣೆಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾಳೆ, ನಿಮ್ಮ ಮಗಳ ಹಂಗ. ಅವಳಿಗೆ ಕಲಿಸಿದ್ದೀರಾ ಅಂತ ಅವ್ವ ಕೇಳಿದಳು. "ಕಲಿಯಂದ್ರ ವಿಡಿಯೋ ಮಾಡಿ ಕಳಸು ಅಂತಾಳ್ರಿ. ಘಾಟು ವಿಡಿಯೋದಾಗ ಬರ್ತೈತೇನ್ರಿ?"

ನನಗೆ ಆ ಮಾತು ನಾಟಿತು, ಯಾಕಂದ್ರೆ ಹಿಂದಿನ ದಿನವೇ ನಾನೂ ಅವ್ವನಿಗೆ ಅದನ್ನೇ ಹೇಳಿದ್ದೆ. ಹಾಗಂತ ಆ ಮಗಳು ಪುಣೆ ಬಿಟ್ಟು ಬಂದು ಘಾಟಿನ ಮುಂದೆ ನಿಲ್ಲಲಿ ಅಂತ ಹೇಳೋಕೂ ನನ್ನಿಂದ ಆಗಲ್ಲ. ಇಪ್ಪತ್ತೆಂಟು ವರ್ಷ ಹೊರಗಿನ ಹಾಲ್‌ನಲ್ಲಿ ಗಂಡಸರು ಖಾರ ತಡ್ಕೊಂಡಿದ್ದಕ್ಕೆ ಬೆನ್ನು ತಟ್ಟಿಸಿಕೊಳ್ತಾ ಬಂದಿದ್ದಾರೆ. ಒಳಗೆ ಅದಕ್ಕಿಂತ ಹತ್ತು ಪಟ್ಟು ಘಾಟು ದಿನಾ ಉಸಿರಾಡಿದವರಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಬಂದಿದ್ದೇ ಮೂರು ವರ್ಷದ ಹಿಂದಂತೆ. ನೀವು ಸಾವಜಿ ಊಟಕ್ಕೆ ಹೋದಾಗ ರೀಲ್ ಮಾಡಲೇಬೇಕು ಅಂದ್ರೆ, ಕೇಳಿ ಒಪ್ಪಿಗೆ ತಗೊಂಡು ಆ ಅಡುಗೆಮನೆಯದ್ದು ಮಾಡಿ.

ಹೋಗೋ ಹೊತ್ತಿಗೆ ಅವ್ವ ಕೊನೆಯ ಪ್ರಶ್ನೆ ಕೇಳಿದಳು. ಇನ್ನೊಂದು ಏನೋ ಇದೆ, ನಾಲಿಗೆಯ ಹಿಂಭಾಗದಲ್ಲಿ ಗೊತ್ತಾಗುತ್ತೆ, ಸ್ವಲ್ಪ ಒಗರು, ಅದೇನು? ಆ ಹೆಂಗಸು ಎದ್ದು ನಿಂತು, "ಅದೊಂದು ಕೇಳಬ್ಯಾಡ್ರಿ ಅಕ್ಕಾರ. ಅದನ್ನ ಹೇಳಿದ್ರ ನೀವು ಮತ್ತ ಬರೂದಿಲ್ಲ" ಅಂದ್ರು.

"ಹಂಗಂದ್ರ ಬರಾಕ ಬೇಕಾತಲ್ಲ" ಅಂದಳು ಅವ್ವ.

ಗಲ್ಲೆ ಹತ್ತಿರ ನಾನು ಫೋನ್ ತೆಗೆದು ಸ್ಕ್ಯಾನ್ ಮಾಡೋಕೆ ಹೋದರೆ ಅವ್ವ ಪರ್ಸಿನಿಂದ ನೋಟು ತೆಗೆದು ಮೊದಲೇ ಕೊಟ್ಟಾಗಿತ್ತು. ಮಾಲೀಕರು ಮತ್ತೇನಾದ್ರೂ ಬೇಕೇನ್ರಿ ಅಂದ್ರು. ಮನೆಯಲ್ಲಿ ನಮ್ಮವರಿದ್ದಾರೆ, ಅವರಿಗೊಂದು ಪಾರ್ಸಲ್ ಕಟ್ಟಿ ಅಂದಳು. ಮಟನ್ನೋ ಖೈಮಾನೋ ಅಂತ ಕೇಳಿದ್ರು.

"ಬರೇ ರಸಾ ಸಾಕ್ರಿ" ಅಂದಳು.